ಬಾಗಿಲಲ್ಲಿಟ್ಟ ಔಷಧದ ನೀರು

ಹೊರಗಿನ ರೋಗ ಕಾಲಿಗಂಟಿ ಬರದಿರಲೆಂದು ಹಂದಿಮನೆಯ ಬಾಗಿಲಲ್ಲಿ ಔಷಧದ ನೀರಿನ ಬೋಗುಣಿ ಇಟ್ಟವಳು ನಾನು. ‘ಕಾಲು ಅದ್ದದೆ ಒಳಗೆ ಬರಬಾರದು’ ಎಂದು ಹಲಗೆಯ ಮೇಲೆ ಬರೆದು ತೂಗುಹಾಕಿದವಳೂ ನಾನೇ. ಬರೆಯುವುದು ನನಗೆ ಸುಲಭ; ಬಾಯಿ ಬಿಡುವುದೇ ಕಷ್ಟ.

ಪಶುವೈದ್ಯರು ಕೊಡುವ ಹಂದಿ ಸಾಕಣೆಯ ತರಬೇತಿಗೆ ಚಿಕ್ಕಮ್ಮ ನನ್ನನ್ನು ಕಳಿಸಿದ್ದಳು. “ನಾಲ್ಕಕ್ಷರ ಕಲಿತೋಳು ನೀನು. ಹೇಳಿದ ಹಾಗೆ ಮಾಡ್ತೀನಿ” ಅಂದಿದ್ದಳು; ಹಾಗೇ ಮಾಡಿದಳು. ತಾಯಿಹಂದಿಗೆ ಒಣಹುಲ್ಲು, ಮರಿಗಳಿಗೆ ಬೆಚ್ಚನೆಯ ಮೂಲೆ, ಹುಟ್ಟಿದ ಮೂರನೆಯ ದಿನ ಕಬ್ಬಿಣಾಂಶದ ಚುಚ್ಚುಮದ್ದು. ಹೋದ ಸಲ ಉಳಿದದ್ದು ಐದು ಮರಿ. ಈ ಸಲ ಒಂಬತ್ತೂ ದುಂಡದುಂಡಗೆ ಬೆಳೆಯುತ್ತಿದ್ದವು.

ಆಗ ಹಂದಿ ಕೊಳ್ಳುವ ವ್ಯಾಪಾರಿ ಬಂದ. ದಿನಕ್ಕೆ ಹತ್ತು ಹಂದಿಮನೆ ಸುತ್ತುವವನು. ಬೂಟಿನ ಗಲೀಜು ಇನ್ನೂ ಹಸಿಯಾಗಿತ್ತು. ನಾನು ಬೋಗುಣಿ ತೋರಿಸಿದೆ.

“ಕಾಲು ತೊಳೆಸ್ಕೊಳ್ಳೋಕೆ ನಾನೇನು ನಿಮ್ಮನೆ ಅಳಿಯನಾ? ಹುಡುಗಿ ಒಪ್ಪಿದ್ರೆ ಆಗಲಿ ಬಿಡು!”

ಅವನ ಗಾಡಿಯ ಚಾಲಕ ಗೊಳ್ಳೆಂದು ನಕ್ಕ. ನನ್ನ ಕಿವಿಯವರೆಗೂ ಬಿಸಿಯೇರಿತು. ತಲೆ ತಗ್ಗಿಸಿ ಪಕ್ಕಕ್ಕೆ ಸರಿದೆ. ಅವನು ಬೋಗುಣಿ ದಾಟಿ ಒಳಗೆ ಹೋದ. ಹಿತ್ತಲಲ್ಲಿದ್ದ ಚಿಕ್ಕಮ್ಮ ಇದನ್ನು ನೋಡಲಿಲ್ಲ.

ಅವನು ಬಂದುಹೋದ ನಾಲ್ಕನೆಯ ದಿನ ಮರಿಗಳಿಗೆ ಭೇದಿ ಹತ್ತಿತು. ವೈದ್ಯರು ಬರುವಷ್ಟರಲ್ಲಿ ನಾಲ್ಕು ಸತ್ತಿದ್ದವು.

“ಹೊರಗಿಂದ ಯಾರಾದ್ರೂ ಒಳಗೆ ಬಂದಿದ್ರಾ?”

“ವ್ಯಾಪಾರಿ ಬಂದಿದ್ದ ಡಾಕ್ಟ್ರೇ. ಆದ್ರೆ ಬಾಗಿಲಲ್ಲಿ ನಮ್ಮ ಹುಡುಗಿ ಇದ್ಲಲ್ಲ! ಕಾಲು ಅದ್ದಿಸದೆ ಬಿಡೋಳಲ್ಲ ಅವಳು. ತಪ್ಪು ನಂದೇ ಇರ್ಬೇಕು, ತವುಡು ಮುಗ್ಗಿತ್ತೇನೋ” ಎಂದಳು ಚಿಕ್ಕಮ್ಮ.

ನಾನು ಬಗ್ಗಿ ಬೋಗುಣಿಯ ನೀರು ಬದಲಿಸತೊಡಗಿದೆ.

ಸಂಜೆ ದಿನಚರಿಯಲ್ಲಿ ಎಲ್ಲವನ್ನೂ ಬರೆದೆ. ಕಾಗದಕ್ಕೇನು, ಅದು ತಿರುಗಿ ಮುಖ ನೋಡುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಚಿಕ್ಕಮ್ಮ ತವುಡಿನ ಮೂಟೆಯನ್ನು ತಿಪ್ಪೆಗೆ ಎಳೆಯುತ್ತಿದ್ದಳು. ಒಂದು ಮೂಟೆ ಆಗಲೇ ಸುರಿದಾಗಿತ್ತು, ಇದು ಎರಡನೆಯದು. ಓಡಿಹೋಗಿ ಇನ್ನೊಂದು ತುದಿ ಹಿಡಿದೆ.

“ತವುಡಲ್ಲ ಚಿಕ್ಕಮ್ಮ. ಅವನು ಕಾಲು ಅದ್ದಲಿಲ್ಲ. ನಂಗೆ ಹೇಳೋಕೆ... ನಾಚಿಕೆ ಆಯ್ತು.”

ಅವಳು ಎಳೆಯುವುದನ್ನು ನಿಲ್ಲಿಸಿ ನೆಟ್ಟಗಾದಳು.

“ಡಾಕ್ಟ್ರ ಮುಂದೆ ನಿನ್ನ ಹೊಗಳ್ತಿದ್ನಲ್ಲೇ. ಆಗ್ಲೂ ನಾಚಿಕೇನಾ?”

ಅವಳು ಮೂಟೆಯನ್ನು ಅಲ್ಲೇ ಬಿಟ್ಟು ಹಂದಿಮನೆಯ ಕಡೆ ನಡೆದಳು. ಬಾಗಿಲಲ್ಲಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ನಾನು ಕಲಿಸಿದಂತೆಯೇ ಒಂದೊಂದೇ ಕಾಲನ್ನು ಬೋಗುಣಿಯಲ್ಲಿ ಅದ್ದಿ, ಉಳಿದ ಐದು ಮರಿಗಳ ಹತ್ತಿರ ಹೋದಳು.

ನಾನು ನನ್ನದೇ ದುಂಡಕ್ಷರದ ಹಲಗೆಯೆದುರು ಹೊರಗೇ ನಿಂತೆ.