ಮೆಟ್ಟಿಲಿಲ್ಲದ ಬಚ್ಚಲು

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೀದಿದೀಪಗಳು ಆರುವ ಹೊತ್ತು. ಹೊಸ ಮನೆಯಲ್ಲಿ ಅದು ನಮ್ಮ ಮೊದಲ ಬೆಳಗು. ಸೊಸೆ ಒಳಗೆ ಹಾಲು ಕಾಯಿಸುತ್ತಿದ್ದಳು. ನಾನು ಹಜಾರದಲ್ಲಿ, ಇನ್ನೂ ಬಿಚ್ಚದ ಗಂಟುಮೂಟೆಗಳ ನಡುವೆ ಕುರ್ಚಿ ಎಳೆದುಕೊಂಡು ಕೂತಿದ್ದೆ. ಅಕ್ಕ ಸ್ನಾನ ಮುಗಿಸಿ, ಬಟ್ಟೆ ಉಟ್ಟು, ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು.

"ಹೇಗಿದೆ ನಿನ್ನ ಬಚ್ಚಲು?" ಅಂದೆ.

"ಅರಮನೆ ಕಣೋ. ನೀರು ಕಾಲು ಮುಚ್ಚೋವರೆಗೂ ನಿಲ್ಲುತ್ತೆ. ರಾಣಿಯರು ಹೀಗೇ ಮೀಯ್ತಿದ್ರೋ ಏನೋ."

ನಾನು ನಕ್ಕೆ. ಅಷ್ಟರಲ್ಲಿ ಸೊಸೆ ಅಕ್ಕನ ಹಾಸಿಗೆ ಕೊಡವಿ ಬರುತ್ತೇನೆಂದು ಅವಳ ಕೋಣೆಗೆ ಹೋದಳು. ಧಡ್ ಎಂಬ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೇ ನಾನು ಹೆದರಿ ಎದ್ದದ್ದು.

ಕೋಣೆಯ ನೆಲದ ತುಂಬ ನೀರು. ಸೊಸೆ ಮಂಚದ ಪಕ್ಕ ಬಿದ್ದಿದ್ದಳು. ಕೈ ಮೈಯ ಕೆಳಗೆ ಸಿಕ್ಕಿಕೊಂಡಿತ್ತು, ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಅವಳ ಕಾಲ ಬಳಿ ಅಕ್ಕನ ಪ್ಲಾಸ್ಟಿಕ್ ಮಗ್ಗು. ಮಂಚದ ಕೆಳಗೆ ಸೋಪು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳು. ನನ್ನ ಹೆಂಡತಿ ತೀರಿಕೊಂಡಾಗ ಮಗನ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಅಂದು ನಮ್ಮನ್ನು ನೋಡಿಕೊಳ್ಳಲು ಬಂದವಳು ತಿರುಗಿ ಹೋಗಲೇ ಇಲ್ಲ. ಮನೆ ಅವಳದಾಯಿತು, ಹುಡುಗ ಅವಳವನಾದ. ಕೆಲವು ವರ್ಷಗಳಿಂದ ಅವಳ ಕಣ್ಣಿನ ನರ ಒಣಗುತ್ತಾ ಬಂದು, ಈಗ ಕಿಟಕಿ ಯಾವುದು, ಗೋಡೆ ಯಾವುದು ಎಂಬಷ್ಟೇ ಕಾಣುತ್ತದೆ. ಆದರೂ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿದ್ದಳು. ಸ್ನಾನಕ್ಕಂತೂ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಮಗನದು ನೆಲಕ್ಕೆ ಟೈಲ್ಸ್ ಹಾಕುವ ಕೆಲಸ. ನೆಲ ಮಟ್ಟವಾಗಿದೆಯೇ ಎಂದು ನೋಡಲು, ನಡುವೆ ಗುಳ್ಳೆ ಆಡುವ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರಲ್ಲ, ಅದಕ್ಕೆ ರಸಮಟ್ಟ ಎನ್ನುತ್ತಾರೆ. ಜೊತೆಯವರು ಇವನಿಗೂ ಅದೇ ಹೆಸರಿಟ್ಟಿದ್ದರು. ಯಾರ ಮನೆಗೆ ಹೋದರೂ ಮೊದಲು ಲೋಟದ ನೀರು ನೋಡಿ, ಮೇಜು ಯಾವ ಕಡೆ ವಾಲಿದೆ ಎಂದು ಹೇಳುವವನು ಅವನು.

ಹಳೆಯ ಬಾಡಿಗೆ ಮನೆಯಲ್ಲಿ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕಿತ್ತು. ಅಕ್ಕ ಅಲ್ಲಿ ಬಿದ್ದು ಸೊಂಟ ಮುರಿದುಕೊಂಡು ಒಂದು ಮಳೆಗಾಲವಿಡೀ ಮಲಗಿದ್ದಳು. ಪಕ್ಕದ ಮನೆಯ ಹೊಲಿಗೆಯವಳು ದಿನವೂ ಬಂದು ಅವಳ ಬಳಿ ಕೂರುತ್ತಿದ್ದಳು. ಆಗಲೇ ಇವನು ಹೇಳಿದ್ದ, ಅತ್ತೆಗೆ ನಾನೇ ಮನೆ ಕಟ್ಟುತ್ತೇನೆ, ಅದರಲ್ಲಿ ಒಂದು ಮೆಟ್ಟಿಲೂ ಇರುವುದಿಲ್ಲ ಎಂದು. ಹಾಗೇ ಕಟ್ಟಿದ. ಬೀದಿಬಾಗಿಲಿಂದ ಅಕ್ಕನ ಮಂಚಕ್ಕೆ, ಮಂಚದಿಂದ ಅವಳ ಕೋಣೆಗೇ ಅಂಟಿಸಿದ ಬಚ್ಚಲಿಗೆ, ಎಲ್ಲ ಒಂದೇ ನೆಲ. ಬೇರೆ ಮನೆಗಳಲ್ಲಿ ಬಚ್ಚಲು ಒಂದು ಮೆಟ್ಟಿಲು ಕೆಳಗಿರುವುದು ನೀರು ಆಚೆ ಬರಬಾರದೆಂದು. ಇಲ್ಲಿ ಆ ಕೆಲಸ ಇಳಿಜಾರಿನದು. ಬಾಗಿಲಿಂದ, ಮೂಲೆಯಲ್ಲಿ ನೀರು ಹೋಗುವ ಕೊಳವೆಗೆ ಮುಚ್ಚಿದ ಜಾಲಿಯವರೆಗೆ ನೆಲ ಕಣ್ಣಿಗೆ ಕಾಣದಷ್ಟು ಇಳಿಯುತ್ತಿತ್ತು.

ಕಟ್ಟುವಾಗಲೇ ಸೊಸೆ ಕೇಳಿದ್ದಳು, "ಮೆಟ್ಟಿಲಿಲ್ಲ ಅಂದ್ರೆ ನೀರು ರೂಮಿಗೆ ಬರಲ್ವಾ? ನಿಮ್ಮ ಲೆಕ್ಕ ನೀರಿಗೂ ಗೊತ್ತಿರುತ್ತಾ?"

ಅವನು ಬಾಗಿಲಲ್ಲಿ ಒಂದು ಗೋಲಿ ಇಟ್ಟ. ಅದು ತಾನಾಗಿಯೇ ಉರುಳಿ ಹೋಗಿ ಜಾಲಿಯ ಮೇಲೆ ಟಿಣ್ ಎಂದು ನಿಂತಿತು. "ಗೋಲಿಗೇ ಗೊತ್ತಿದೆ, ನೀರಿಗೆ ಗೊತ್ತಿರಲ್ವಾ?" ಅಂದ.

ಸೊಸೆಯ ಮಣಿಕಟ್ಟು ಮುರಿದಿತ್ತು. ಮಗ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಕಟ್ಟು ಹಾಕಿಸಿಕೊಂಡು ಬಂದಾಗ ಮಧ್ಯಾಹ್ನ ಮೀರಿತ್ತು. ಸೊಸೆಯ ತಾಯಿ, ನನ್ನ ಬೀಗಿತ್ತಿ, ಸುದ್ದಿ ಕೇಳಿ ಚೀಲ ಸಮೇತ ಬಂದಿಳಿದಿದ್ದರು. ಮಗ ನೇರ ಬಚ್ಚಲಿಗೆ ಹೋದ. ಅಷ್ಟು ಹೊತ್ತಿಗೆ ಬಚ್ಚಲಲ್ಲಿ ಹನಿ ನೀರಿರಲಿಲ್ಲ. ನಲ್ಲಿ ಬಿಗಿಯಾಗಿಯೇ ಇತ್ತು. ಜಾಲಿ ತಳತಳ ಹೊಳೆಯುತ್ತಿತ್ತು. ಅವನು ಅದರ ಮೇಲೆ ಒಂದು ಚೊಂಬು ನೀರು ಸುರಿದ. ಇಳಿಯಿತು. ರಸಮಟ್ಟ ಇಟ್ಟು ನೋಡಿದ. ಇಳಿಜಾರು ಸರಿಯಿತ್ತು.

ಅವನು ಎದ್ದು ನಿಂತ. ಕೋಣೆಯ ನೆಲ ನೋಡಿದ, ಮಂಚದ ಕೆಳಗಿನ ಸೋಪು ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ. ಅವನ ಬಾಯಿಂದ ಆ ಮಾತು ಬರುವ ಮೊದಲೇ ಅದು ಅವನ ಕಣ್ಣಲ್ಲಿ ಬಂದಿತ್ತು.

"ಅತ್ತೆ, ನೀವು ಬೆಳಿಗ್ಗೆ ಸ್ನಾನ ಎಲ್ಲಿ ಮಾಡಿದ್ರಿ?"

"ಸ್ನಾನ ಎಲ್ಲಿ ಮಾಡ್ತಾರೋ? ಬಚ್ಚಲಲ್ಲಿ."

"ರೂಮಲ್ಲಿ ಬಕೆಟ್ ಇಟ್ಕೊಂಡು…"

"ಏನಂದೆ?"

"ಮೆಟ್ಟಿಲಿಲ್ವಲ್ಲ ಅತ್ತೆ, ಬಚ್ಚಲು ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗಿರಲ್ಲ. ಬೈತಿಲ್ಲ ನಾನು. ನನ್ನದೇ ತಪ್ಪು."

"ಅಂಗಾಲಿಗೂ ಕಣ್ಣು ಹೋಗಿದೆಯೇನೋ ನನಗೆ? ಬಚ್ಚಲಿಗೆ ನೀನು ತರಿತರಿ ಟೈಲ್ಸ್ ಹಾಕಿದ್ದೀಯ, ಕೋಣೆಗೆ ನುಣ್ಣಗಿರೋದು. ನಾನು ನಿಂತಿದ್ದು ತರಿ ಮೇಲೆ. ನೀರು ಕಾಲು ಮುಚ್ಚಿತ್ತು, ಇವನಿಗೆ ಹೇಳಿದ್ದೀನಿ, ಕೇಳು."

"ಹೌದಪ್ಪ, ಹಾಗೇ ಅಂದಳು. ಅಕ್ಕ ಒಂದು ಮಾತು ಹೇಳಿದ್ರೆ ಅದು ಹಾಗೇ ಇರುತ್ತೆ," ಅಂದೆ ನಾನು.

"ಅಪ್ಪಾ, ಚೊಂಬು ನೀರು ನಿಮ್ಮ ಕಣ್ಣೆದುರಿಗೇ ಇಳೀತು. ಇಳಿಯೋ ಬಚ್ಚಲಲ್ಲಿ ನೀರು ಹೇಗೆ ನಿಲ್ಲುತ್ತೆ?"

ನಾನು ಶಾಲೆಗೆ ಹೋದದ್ದು ಅಕ್ಷರ ಕೂಡಿಸಿ ಓದುವಷ್ಟು. ನೀರಿನ ವಿಷಯ ಅವನ ವಿದ್ಯೆ.

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು, ತಿರುಗಿಸಿ ನಾಲ್ಕು ಹೇಳುತ್ತಲೂ ಇದ್ದಳು. ಯಾರೂ ಬೈಯಲಿಲ್ಲ. ಎಲ್ಲರ ದನಿಯೂ ಮೆತ್ತಗಾಯಿತು. ಮಗ ಅವಳ ಬಚ್ಚಲಿನ ಒಳಚಿಲಕ ಬಿಚ್ಚಿ ತೆಗೆದ. ಬೀಗಿತ್ತಿ ಅವಳನ್ನು ತೋಳು ಹಿಡಿದು ಹಿತ್ತಿಲ ಕಡೆಯ ಬಚ್ಚಲಿಗೆ ಕರೆದುಕೊಂಡು ಹೋಗಿ ತಾವೇ ಸ್ನಾನ ಮಾಡಿಸತೊಡಗಿದರು. ಅಲ್ಲಿಂದ ದನಿ ಕೇಳುತ್ತಿತ್ತು. "ಹಾಂ, ಕೈ ಎತ್ತಿ. ಜಾಣೆ. ಈಗ ಆ ಕೈ." ಬೀಗಿತ್ತಿ ಕೆಟ್ಟವರಲ್ಲ. ಮಗಳ ಕೈ ಮುರಿದಿದ್ದರೂ ಅಕ್ಕನ ಮೇಲೆ ಒಂದು ಬಿರುಮಾತು ಆಡಲಿಲ್ಲ. ಆದರೆ ನನ್ನ ಅಕ್ಕನನ್ನು ಯಾರೋ ಜಾಣೆ ಎನ್ನುವುದು ಕೇಳಿ, ನಾನು ಕೈಯಲ್ಲಿದ್ದ ಕಾಫಿಯನ್ನು ಹಾಗೇ ಕೆಳಗಿಟ್ಟೆ.

ಒಂದು ಸಂಜೆ ಬೀಗಿತ್ತಿ ನನ್ನ ಬಳಿ ಬಂದು ಕೂತರು. "ಬೀಗ್ರೇ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಇವತ್ತು ನೀರು, ನಾಳೆ ಒಲೆ. ಇಂಥವರನ್ನ ನೋಡ್ಕೊಳ್ಳೋ ಒಂದು ಜಾಗ ಇದೆ. ಚೊಕ್ಕಟವಾಗಿದೆ, ನಾನು ನೋಡಿದ್ದೀನಿ."

"ಇಂಥವರು ಅಂದ್ರೆ?"

"ಬುದ್ಧಿ ಕೈಕೊಟ್ಟವರು."

ಮಗ ಬಾಗಿಲಲ್ಲಿ ನಿಂತಿದ್ದ. ಬೇಡ ಎನ್ನುತ್ತಾನೆಂದು ಅವನ ಮುಖ ನೋಡಿದೆ. ಅವನು ನೆಲ ನೋಡುತ್ತಾ, "ಮೊದಲು ಬಚ್ಚಲ ಬಾಗಿಲಿಗೆ ಒಂದು ಮೆಟ್ಟಿಲು ಕಟ್ಟಿ ನೋಡೋಣ. ಕಾಲಿಗೆ ಗುರುತು ಸಿಗುತ್ತೆ. ಆಮೇಲೂ ಹಾಗೇ ಆದ್ರೆ ಆ ಜಾಗ," ಅಂದ.

ಮಾರನೆಯ ದಿನ ಊಟವಾದ ಮೇಲೆ ಅಕ್ಕ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ತಮ್ಮಾ, ನಿಜ ಹೇಳು. ನಾನು ಕೋಣೇಲಿ ಮಿಂದ್ನಾ?"

"ಇಲ್ಲ ಅಂತ ನೀನೇ ಹೇಳಿದ್ಯಲ್ಲ."

"ಹೇಳಿದ್ದೆ. ಈಗ ನೆನಸ್ಕೊಂಡ್ರೆ ಕಾಲ ಕೆಳಗೆ ನುಣ್ಣಗಿತ್ತೇನೋ ಅನ್ಸುತ್ತೆ. ಅಷ್ಟು ಜನ ಹೇಳ್ತಿದ್ದೀರ. ಒಬ್ಬಳು ನಾನು."

ಅಷ್ಟು ವರ್ಷದಲ್ಲಿ ಅಕ್ಕ ತನ್ನ ಮಾತನ್ನು ತಾನೇ ಅನುಮಾನಿಸಿದ್ದು ನಾನು ಕಂಡಿರಲಿಲ್ಲ. ಮುರಿದ ಸೊಂಟಕ್ಕೂ ಅವಳು ಇಷ್ಟು ಕುಗ್ಗಿರಲಿಲ್ಲ.

ಶುಕ್ರವಾರ ಮಗ ಕೆಲಸಕ್ಕೆ ಹೋಗದೆ ಮೆಟ್ಟಿಲು ಕಟ್ಟಲು ಕೂತ. ಸೋಪಿನ ಜಿಡ್ಡಿನ ಮೇಲೆ ಸಿಮೆಂಟು ಹಿಡಿಯುವುದಿಲ್ಲವೆಂದು ಮೊದಲು ಬಚ್ಚಲನ್ನು ತೊಳೆದ. ಚೊಂಬಿನಲ್ಲಿ ನೀರು ಚಿಮುಕಿಸಿ ಉಜ್ಜಿ, ಕೊನೆಗೆ ಸುರಿಯಲು ಬಕೆಟ್ಟಿಗೆ ನಲ್ಲಿ ಬಿಟ್ಟು, ಕೋಣೆಯ ಕಡೆ ಬಂದು ಮಂಡಿಯೂರಿ ಬಾಗಿಲಿಗೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದ. ಅಕ್ಕ ಮಂಚದ ಮೇಲಿದ್ದಳು. ನಾನು ಬಾಗಿಲ ಬಳಿ. ಬಕೆಟ್ ತುಂಬಿ ಉಕ್ಕುತ್ತಲೇ ಇತ್ತು. ಅದು ಬಚ್ಚಲು, ಉಕ್ಕಿದರೇನು ಎಂದು ನಾನೂ ಸುಮ್ಮನಿದ್ದೆ.

ನೀರು ಸದ್ದಿಲ್ಲದೆ ಬಂತು. ಬಾಗಿಲು ದಾಟಿ ಬಂದು ಅವನು ಎಳೆದ ಗೆರೆಯನ್ನು ಅಳಿಸಿತು. ಅವನ ಮಂಡಿ ಒದ್ದೆಯಾಯಿತು. ಅವನು ಮಂಡಿಯನ್ನು ನೋಡಿಕೊಂಡ. ತಲೆ ಎತ್ತಿದ. ಬಚ್ಚಲಲ್ಲಿ ಗೋಡೆಯಿಂದ ಗೋಡೆಗೆ ನೀರು ನಿಂತಿತ್ತು, ಜಾಲಿ ಅದರ ತಳದಲ್ಲಿ ಹೊಳೆಯುತ್ತಿತ್ತು. ಪ್ಲಾಸ್ಟಿಕ್ ಮಗ್ಗು ತೇಲುತ್ತಾ ಅವನ ಪಕ್ಕದಿಂದಲೇ ಆಚೆ ಬಂದು, ನುಣ್ಣನೆಯ ನೆಲದ ಮೇಲೆ ಜಾರಿ, ಮಂಚದ ಕಾಲಿಗೆ ತಗುಲಿ ನಿಂತಿತು.

ನಾವಿಬ್ಬರೂ ಆ ಮಗ್ಗನ್ನೇ ನೋಡಿದೆವು.

ಅವನು ಒಳಗೆ ಹೋಗಿ ಜಾಲಿ ಕಿತ್ತು, ಮೊಣಕೈವರೆಗೆ ತೋಳು ಇಳಿಬಿಟ್ಟ. ಎಳೆದ. ಸಿಮೆಂಟು ಚೀಲದ ತುಂಡೊಂದು, ಉಂಡೆಯಾಗಿ ಗಟ್ಟಿಯಾದದ್ದು, ಕೈಗೆ ಬಂತು. ಹಿಂದೆಯೇ ನೀರು ಗೊಳಗೊಳ ಎಂದು ಇಳಿಯಿತು. ಅವನು ಆ ಒದ್ದೆ ನೆಲದ ಮೇಲೇ ಕೂತುಬಿಟ್ಟ.

ಟೈಲ್ಸ್ ಹಾಕುವಾಗ ಕೊಳವೆಯೊಳಗೆ ಸಿಮೆಂಟು ಬೀಳದಿರಲೆಂದು ಅದರ ಬಾಯಿಂದ ಕೈ ಇಳಿಸಿ ಹೀಗೆ ಚೀಲ ತುರುಕುವುದು ಅವರ ಪದ್ಧತಿ. ಬೇರೆಯವರ ಮನೆಯಲ್ಲಾದರೆ, ಕೆಲಸ ಮುಗಿದ ದಿನ ಮನೆಯವರ ಕೈಯಲ್ಲೇ ತುಂಬಿದ ಬಕೆಟ್ ಕೊಟ್ಟು ಸುರಿಯಿರಿ ಎನ್ನುತ್ತಾನೆ. ಅವರು ಸುರಿದು, ನೀರು ಇಳಿದದ್ದು ನೋಡಿ ಸರಿ ಎಂದ ಮೇಲೆಯೇ ಅವನು ಆ ಮನೆ ಬಿಡುವುದು. ಚೀಲ ಮರೆತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇದು ಸ್ವಂತ ಮನೆ. ಬಕೆಟ್ ಯಾರ ಕೈಗೆ ಕೊಡುವುದು, ಸರಿ ಎನ್ನುವವರು ಯಾರು? ಮೊದಲ ಬಕೆಟ್ ಸುರಿದವಳು ಅಕ್ಕ. ಚೊಂಬು ನೀರು ಚೀಲದ ಮೇಲಿನ ಜಾಗದಲ್ಲಿ ಹಿಡಿಸುತ್ತಿತ್ತು. ಬಕೆಟ್ ನೀರು ಹೊತ್ತು ಕಳೆದರೆ ಸಂದಿಯಲ್ಲಿ ಜಿನುಗಿ ಹೋಗುತ್ತಿತ್ತು.

"ಏನೋ ಅದು ಸದ್ದು?" ಅಂದಳು ಅಕ್ಕ.

ಅವನು ಎದ್ದು ಬಂದು ಆ ಉಂಡೆಯನ್ನು ಅವಳ ಕೈಯಲ್ಲಿಟ್ಟ.

"ಇದೇನು, ಸತ್ತ ಹೆಗ್ಗಣವಾ?"

"ಚೀಲ, ಅತ್ತೆ. ಕೊಳವೇಲಿತ್ತು. ನಾನೇ ತುರುಕಿದ್ದು. ತೆಗೆಯೋದು ಮರೆತೆ."

ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ಸವರಿದಳು.

"ಹಾಗಾದ್ರೆ ನಾನು ಬಚ್ಚಲಲ್ಲೇ ಇದ್ದೆ," ಅಂದಳು.

ಸೊಸೆ ಕಟ್ಟು ಹಾಕಿದ ಕೈಯಲ್ಲೇ ಓಡಿ ಬಂದಳು. ಬೀಗಿತ್ತಿ ಬಾಯಿಗೆ ಸೆರಗಡ್ಡ ಹಿಡಿದು ನಿಂತರು. ಆ ಸಂಜೆ ಯಾರು ಅಕ್ಕನಿಗೆ ಏನು ಬಡಿಸುವುದು ಎಂದು ಪೈಪೋಟಿಯೇ ಆಯಿತು. ಮಗ ಒಳಚಿಲಕ ತಂದು ಮೊದಲಿದ್ದ ಜಾಗದಲ್ಲೇ ಹಾಕಿದ. "ನನ್ನ ತಲೇಲೇ ಒಂದು ಚೀಲ ತುರುಕಿತ್ತು ಅತ್ತೆ," ಅಂದ. "ಅದನ್ನೂ ಯಾರಾದ್ರೂ ಎಳೆದು ತೆಗೀರಪ್ಪ," ಅಂದಳು ಅಕ್ಕ. ಎಲ್ಲರೂ ನಕ್ಕರು. ನಾನೂ ನಿರಾಳವಾಗಿ ಮಲಗಿದೆ.

ಬೆಳಿಗ್ಗೆ ಅಕ್ಕ ಚಿಲಕ ಹಾಕಿಕೊಂಡು ತನ್ನ ಬಚ್ಚಲಲ್ಲಿ ಸ್ನಾನ ಮಾಡಿದಳು. ಸಾವಕಾಶ, ಚೊಂಬು ಚೊಂಬಾಗಿ. ನೀರು ಇಳಿಯುವ ಸದ್ದು ಹಜಾರಕ್ಕೆ ಕೇಳುತ್ತಿತ್ತು. ಹೊರಗೆ ಬಂದಾಗ ಅವಳ ಕೈಯಲ್ಲಿ ಬಟ್ಟೆಯ ಚೀಲವಿತ್ತು.

"ತಮ್ಮಾ, ಆಟೋ ಕರೆಸು. ಹಳೇ ಮನೆ ಪಕ್ಕದ ಹೊಲಿಗೆಯವಳ ಹತ್ತಿರ ಹೋಗ್ತೀನಿ. ಒಬ್ಬಳೇ ಇದ್ದಾಳೆ, ಬಾ ಅಂತ ಎಷ್ಟು ಸಲ ಕರೆದಿದ್ದಾಳೆ."

ಮಗ ಕೈಯಲ್ಲಿದ್ದ ಲೋಟ ಇಟ್ಟ. "ಎಷ್ಟು ದಿನಕ್ಕೆ?"

"ದಿನದ ಮಾತಲ್ಲ ಕಂದಾ. ಇರೋದಕ್ಕೆ."

"ಅತ್ತೆ, ಚೀಲ ಮರೆತಿದ್ದು ತಪ್ಪು. ಕಾಲಿಗೆ ಬೀಳ್ತೀನಿ."

"ಚೀಲ ಮರೆಯೋದು ಕೆಲಸದಲ್ಲಿ ಇದ್ದಿದ್ದೇ. ಅದಕ್ಕೆ ನನ್ನ ಸಿಟ್ಟಿಲ್ಲ. ನಿನ್ನ ನೆಲಕ್ಕೆ ರಸಮಟ್ಟ ಇಟ್ಟು ನೋಡಿದೆ. ನನ್ನ ಮಾತಿಗೆ ಒಂದು ಬಕೆಟ್ ನೀರು ಸುರಿದು ನೋಡಲಿಲ್ಲ."

"ಅಲ್ಲಿ ಬಚ್ಚಲಿಗೆ ಎರಡು ಮೆಟ್ಟಿಲಿದೆ, ಅತ್ತೆ. ನಮ್ಮ ಹಳೇ ಮನೇಲಿದ್ದ ಹಾಗೇ. ಮತ್ತೆ ಬಿದ್ರೆ?"

"ಬೀಳಬಹುದು. ಬಿದ್ದು, ಮೆಟ್ಟಿಲು ಜಾರ್ತಿತ್ತು ಅಂತ ನಾನಂದ್ರೆ, ಅವಳು ಮೊದಲು ಮೆಟ್ಟಿಲು ನೋಡ್ತಾಳೆ."

ಸೊಸೆ ಅಳುತ್ತಾ ಚೀಲ ಹಿಡಿದು ಎಳೆದಳು. ಅಕ್ಕ ಅವಳ ಕಟ್ಟು ಹಾಕಿದ ಕೈ ಸವರಿ, "ಇದು ವಾಸಿಯಾದ ಮೇಲೆ ಬಂದು ಹೋಗಮ್ಮ," ಅಂದಳು. ಆಟೋ ಬಂತು. ಮನೆಯೊಳಗಿಂದ ಬೀದಿಬಾಗಿಲವರೆಗೆ ಒಂದು ಕಡೆಯೂ ಎಡವದೆ, ಯಾರ ತೋಳನ್ನೂ ಹಿಡಿಯದೆ ನಡೆದಳು. ನೆಲ ಅಷ್ಟು ಮಟ್ಟವಾಗಿತ್ತು.

ಮಗ ಆಟೋದ ಪಕ್ಕ ಬೀದಿ ತಿರುವಿನವರೆಗೆ ನಡೆದು, ಅಲ್ಲೇ ನಿಂತ. ಅವನನ್ನು ಸಾಕಿದವಳು, ನನ್ನ ಅಕ್ಕ, ಹೊರಟುಹೋದಳು.