ನೆಗಡಿ ಹಿಡಿದ ಆನೆ

"ಅಪ್ಪಾ, ಪೆಡಲ್ ಒತ್ತು. ಪೂರ್ತಿ."

ಡೋರೀನಳ ಮುಖ ಎತ್ತಿದ ಬಾನೆಟ್ಟಿನ ಆಚೆಗಿತ್ತು. ಸೀಟಿನಲ್ಲಿ ಕೂತಿದ್ದ ಲಿಯೋನನಿಗೆ ಅವಳ ಮೊಣಕೈ ಮಾತ್ರ ಕಾಣುತ್ತಿತ್ತು.

"ಬಿಡೇ, ಈ ಕಾಲದ ಇಂಜಿನ್ನೇ ಇಷ್ಟು," ಎಂದ. "ಪೆಟ್ರೋಲು ನೀರಿನ ಹಾಗೆ ಸಿಗ್ತಿದ್ದಾಗ, ಭಾರ ಎಳೀಲಿ ಅಂತ ಇಷ್ಟು ದೊಡ್ಡದು ಮಾಡಿದ್ರು. ಆಮೇಲೆ ಹೊಗೆ ಕಾನೂನು ಬಂತು. ಸೀಸ ಇಲ್ಲದ ಪೆಟ್ರೋಲಿಗೆ ಅಂತ ಸಿಲಿಂಡರಿನ ಒತ್ತಡ ಇಳಿಸಿದ್ರು, ಸುತ್ತಲೂ ಕೊಳವೆ ಸಿಕ್ಕಿಸಿದ್ರು. ಏಳು ಲೀಟರಿನ ಇಂಜಿನ್ ಆಗಿ ಏನು ಬಂತು? ನೆಗಡಿ ಹಿಡಿದ ಆನೆ."

"ಆನೆ ಆದ್ರೂ ನಡೀಬೇಕಲ್ಲ. ನಿನ್ನೆ ಹಾಲಿನ ಲಾರಿಯವನು ನನ್ನ ದಾಟ್ಕೊಂಡು ಹೋಗ್ತಾ ಟಾಟಾ ಮಾಡ್ದ."

ಇಂಜಿನ್ನಿನ ಬಗ್ಗೆ ಲಿಯೋನ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಫ್ಲಿಂಟ್ ಊರಿನ ಕಾರು ಕಾರ್ಖಾನೆಯಲ್ಲಿ ಇಂಥವನ್ನು ಜೋಡಿಸುತ್ತಲೇ ಅವನ ತಲೆ ನರೆತಿತ್ತು. ಆದರೆ ಬೇಸಿಗೆಯ ಶುರುವಿನಲ್ಲಿ, ಲೈಸೆನ್ಸ್ ಸಿಕ್ಕ ದಿನವೇ ಮಗಳು ಟೈರು ಕಿರುಚಿಸಿ ತಿರುವು ತೆಗೆದುಕೊಂಡದ್ದನ್ನು ಕಂಡು, ಆಕ್ಸಿಲರೇಟರ್ ಪೆಡಲಿನಡಿ, ಕಾರ್ಪೆಟ್ಟಿನ ಕೆಳಗೆ, ಅವನೊಂದು ಮರದ ತುಂಡು ಸಿಕ್ಕಿಸಿದ್ದ. ಪೆಡಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಸ್ವಲ್ಪ ದಿನ ಇರಲಿ, ಆಮೇಲೆ ತೆಗೆದರಾಯಿತು ಅಂದುಕೊಂಡಿದ್ದ. ಕಾರು ವೇಗ ಹಿಡಿಯದಾದಾಗ ಅವಳು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆದಳು. ಮತ್ತೆ ಬಿಚ್ಚಿದಳು. ಒಮ್ಮೆ ತಾನೇ ಪೆಡಲ್ ಒತ್ತಿ, "ಅದರ ಬಾಯಿ ಪೂರ್ತಿ ತೆರ್ಕೊಳ್ತಾ ನೋಡಪ್ಪ" ಎಂದಾಗ, ಅವನು ಬಾನೆಟ್ಟಿನ ಬಳಿ ನಿಂತು "ಹೂಂ, ತೆರ್ಕೊಳ್ತು" ಎಂದಿದ್ದ.

ಸೋಮವಾರ ಅವಳು ಗ್ಯಾರೇಜಿನ ಕೆಲಸಕ್ಕೆ ಸೇರಬೇಕಿತ್ತು. ಇವತ್ತು ತಿಂಡಿಯ ಹೊತ್ತಿಗೆ, "ಬರಲ್ಲ ಅಂತ ಫೋನ್ ಮಾಡ್ತೀನಿ. ನನ್ನ ಕಾರೇ ಸರಿಮಾಡೋಕಾಗಿಲ್ಲ, ಇನ್ನು ಊರವರದ್ದು ಮುಟ್ಟಲಾ?" ಎಂದಿದ್ದಳು. ಇದೊಂದು ಸಲ ನೋಡಿಬಿಡ್ತೀನಿ ಎಂದು ಅವನನ್ನು ಕರೆತಂದು ಕೂರಿಸಿದ್ದಳು.

"ಒತ್ತಿದ್ಯಾ?"

ಒತ್ತಿದ. ಪಾದ ಅಲ್ಲೇ ನಿಂತಿತು.

"ಇನ್ನೂ ಒತ್ತು."

"ಅಷ್ಟೇ ಹೋಗೋದು."

ಮೊಣಕೈ ಅಲುಗಲಿಲ್ಲ. "ಇಲ್ಲಿ ಬೆರಳಲ್ಲಿ ತಳ್ಳಿದ್ರೆ ಪೂರ್ತಿ ತೆರ್ಕೊಳ್ಳುತ್ತೆ, ನೀನು ಒತ್ತಿದ್ರೆ ಅರ್ಧ. ಅವತ್ತು ತೆರ್ಕೊಳ್ತು ಅಂದ್ಯಲ್ಲ?"

ಪೆಡಲಿನ ತಂತಿ ಸಡಿಲಾಗಿರಬೇಕು ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಲಿಯೋನ್ ಬಗ್ಗಿ ಕಾರ್ಪೆಟ್ಟನ್ನು ಎಳೆದ. ಅವನು ತಲೆಯೆತ್ತಿದಾಗ ಡೋರೀನ್ ಬಾಗಿಲ ಬಳಿ ನಿಂತಿದ್ದಳು. ಅವನ ಕೈಯಲ್ಲಿದ್ದ ತುಂಡನ್ನು ನೋಡಿದಳು.

"ಬೇಸಿಗೆ ಪೂರ್ತಿ?"

ಅವನು ಹೌದೆಂದು ತಲೆಯಾಡಿಸಿದ. "ನಿನಗೇನಾದ್ರೂ ಆದ್ರೆ ಅಂತ..."

"ಇಳಿ."

ಇಳಿದ. ಅವಳು ಬಾನೆಟ್ ಮುಚ್ಚಿ ಒಳಗೆ ಕೂತಳು. "ಗ್ಯಾರೇಜಿಗೆ ಫೋನ್ ಮಾಡಲ್ಲ," ಎಂದು ಸ್ಟೀರಿಂಗಿಗೆ ಹೇಳಿದಳು.

ಕಾರು ನಿಧಾನವಾಗಿ ಹಿಂದಕ್ಕೆ ಸರಿದು ರಸ್ತೆಗಿಳಿಯಿತು. ಬೀದಿಯ ಕೊನೆ ದಾಟಿದ ಮೇಲೆ ಅದರ ಸದ್ದು ಏರತೊಡಗಿತು. ಏರುತ್ತಲೇ ಹೋಯಿತು. ಎಲ್ಲಾದರೂ ತಗ್ಗುತ್ತದೆಯೇ ಎಂದು ಲಿಯೋನ್ ಅತ್ತ ಕಿವಿಗೊಟ್ಟು ನಿಂತೇ ಇದ್ದ.