ದೀಪ ಆರಿಸಿ ಬಂದವಳು

ಮಾರ್ಕರಿನ ಮುಚ್ಚಳ, ಹಸಿರು, ಯಾರ ಕೈಯಿಂದ ಜಾರಿತೋ, ಕೆಂಪು ಗಾರೆ ನೆಲದ ಮೇಲೆ ಉರುಳಿಕೊಂಡು ಬಂದು ನನ್ನ ಕುರ್ಚಿಯ ಕಾಲಿಗೆ ತಾಗಿ ನಿಂತಿತು, ಎತ್ತಿಕೊಡಲೇ, ಬೇಡ, ಇವತ್ತು ಈ ಕೈ ಮಾಡಿರುವ ಉಪಕಾರವೇ ಸಾಕು — ಆ ಸ್ವಿಚ್, ಬಾಗಿಲ ಚೌಕಟ್ಟಿನ ಪಕ್ಕ, ಕಪ್ಪು, ಉಬ್ಬಿಕೊಂಡದ್ದು, ಥೇಟ್ ನಮ್ಮ ಮನೆಯದೇ, ಜಯನಗರದ ಹಳೇ ಮನೆ ಹಿಡಿದು ಸಾಫ್ಟ್‌ವೇರ್ ಕಂಪನಿ ಮಾಡುವವರು ಸ್ವಿಚ್ಚನ್ನಾದರೂ ಬದಲಾಯಿಸಬಾರದೇ, ಇಂಟರ್‌ವ್ಯೂ ಮುಗಿಯಿತು, ಥ್ಯಾಂಕ್ಯೂ ಅಂದೆ, ಫೈಲು ಎತ್ತಿಕೊಂಡೆ, ಹೊಸಿಲು ದಾಟುತ್ತಾ ಟಕ್ ಎಂದು ದೀಪ ಆರಿಸಿದೆ, ಒಳಗೆ ಮೂವರು ಕೂತಿದ್ದಾರೆ, ಕಿಟಕಿಗಳಿಗೆ ದಪ್ಪ ಪರದೆ, ಹಾಡಹಗಲೇ ಕಗ್ಗತ್ತಲು, ಮೇಡಂ, ನಾವಿನ್ನೂ ಇಲ್ಲೇ ಇದೀವಿ ಅಂತ ಮ್ಯಾನೇಜರ್ ಭಾರ್ಗವನ ದನಿ, ತಿರುಗಿ ದೀಪ ಹಾಕಿದ್ದರೆ ಮುಗಿದುಹೋಗುತ್ತಿತ್ತು, ಹಾಕಲಿಲ್ಲ, ಸಾರಿ ಅಂದವಳೇ ಓಡಿಬಂದು ಇಲ್ಲಿ ಕೂತೆ, ಮೂವತ್ತೊಂಬತ್ತು ವರ್ಷದ ಹೆಂಗಸು. ಎಚ್‌ಆರ್ ರವಿಕಿರಣ್ ಹತ್ತು ನಿಮಿಷ ಕೂತಿರಿ, ಇವತ್ತೇ ಹೇಳ್ಬಿಡ್ತೀವಿ ಅಂದಿದ್ದ, ಇಪ್ಪತ್ತಾಯಿತು.

ಎಲ್ಲಾ ಅಪ್ಪನಿಂದ, ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ, ನಮ್ಮ ಮನೆಯಲ್ಲಿ ಎದ್ದವರು ದೀಪ ಆರಿಸಿಯೇ ಹೋಗಬೇಕು, ನನ್ನನ್ನು ನೋಡಲು ಬಂದವರು ಹಾಲ್‌ನಲ್ಲಿ ಇನ್ನೂ ಉಪ್ಪಿಟ್ಟು ತಿನ್ನುತ್ತಿದ್ದಾರೆ, ಕಾಫಿ ತರಲು ಎದ್ದ ಅಪ್ಪ ಟಕ್, ಸಂಜೆಗತ್ತಲಲ್ಲಿ ಬೀಗರಾಗಬೇಕಾದವರೆಲ್ಲ ತಟ್ಟೆಯಲ್ಲಿ ಚಮಚ ತಡಕಾಡಿದರು, ಶ್ರೀಕರ್ ಒಬ್ಬನೇ ನಕ್ಕ, ಮುಖ ಕಾಣಲಿಲ್ಲ, ನಗು ಕೇಳಿಸಿತು, ಆ ನಗುವಿಗೇ ನಾನು ಒಪ್ಪಿದ್ದು, ಇವತ್ತಿಗೂ ಅವನಿಗೆ ಹೇಳಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾನೆ. ಅವನೇ ಬೆಳಿಗ್ಗೆ ಇಂಚರಾಳ ಡಬ್ಬಿ ಕಟ್ಟಿದ, ಇಂಚರ ಹತ್ತು ವರ್ಷದ ಮಗಳು, ವಾರವಿಡೀ ನನ್ನನ್ನು ಎದುರು ಕೂರಿಸಿಕೊಂಡು ಕನ್ನಡಕ ಮೂಗಿಗಿಳಿಸಿ ಕೇಳಿದ್ದೇ ಕೇಳಿದ್ದು, ಕೆಲಸದಲ್ಲಿ ಒಂಬತ್ತು ವರ್ಷ ಯಾಕೆ ಗ್ಯಾಪ್ ಮೇಡಂ, ನಿನ್ನಿಂದಲೇ ಕಣೇ, ಅಮ್ಮ ಹಾಗೆಲ್ಲ ಹೇಳಬಾರದು, ಮಾರ್ಕ್ಸ್ ಕಟ್. ಹಿಂದಿನ ಎರಡು ಕಂಪನಿಯವರು ಆ ಗ್ಯಾಪಿನಲ್ಲೇ ಬಿದ್ದು ಒದ್ದಾಡಿದರು, ಕೋಡಿನ ಮಾತೇ ಎತ್ತಲಿಲ್ಲ, ಈ ಭಾರ್ಗವ ಗ್ಯಾಪಿನ ಸುದ್ದಿಗೇ ಹೋಗದೆ ಮಾರ್ಕರ್ ಕೈಗೆ ಕೊಟ್ಟ, ಗಿರಾಕಿ ಆತುರಕ್ಕೆ ಎರಡು ಸಲ ಗುಂಡಿ ಒತ್ತಿದ್ರೆ ಎರಡು ಆರ್ಡರ್ ಆಗ್ಬಾರ್ದು, ಹೇಗೆ ಮಾಡ್ತೀರಾ, ಬರೆದೆ, ಒರೆಸಿದೆ, ಮತ್ತೆ ಬರೆದೆ, ಮಧ್ಯೆ ಎಲ್ಲೋ ನಾನು ಇಂಟರ್‌ವ್ಯೂನಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು, ಅವನ ಪಕ್ಕ ಕೂತಿದ್ದ ಹೆಂಗಸು, ಪಂಕಜಾ ಅಂತಲ್ಲವೇ ಹೆಸರು, ಒಂದು ತಪ್ಪು ತೋರಿಸಿದಳು, ನಾನು ಅವಳಿಗೆ ಒಂದು ತೋರಿಸಿದೆ, ಇಬ್ಬರೂ ಬೋರ್ಡಿನ ಮುಂದೆ ನಿಂತು ಜಗಳವಾಡಿದೆವು, ಎಷ್ಟು ಸಂತೋಷವಾಯಿತು ನನಗೆ, ಒಂಬತ್ತು ವರ್ಷದ ನಂತರ ಯಾರೋ ನನ್ನೊಡನೆ ಕೋಡಿನ ಬಗ್ಗೆ ಜಗಳವಾಡಿದರು, ಕೆಲಸ ಬೇಕು, ಇಲ್ಲೇ ಬೇಕು, ಈ ಜಗಳವೇ ದಿನಾ ಬೇಕು — ಬೋರ್ಡು ತುಂಬಾ ಬರೆದಿಟ್ಟು ಕೊನೆಗೆ ಟಕ್, ಅವರು ನೋಡಿದ್ದು ಕತ್ತಲು.

ಶುಭಾ ಮೇಡಂ, ಬನ್ನಿ ಒಳಗೆ, ರವಿಕಿರಣ್ ಕರೆದ, ಮುಖದಲ್ಲಿ ಏನೂ ಇಲ್ಲ, ಇವರಿಗೆ ಇದನ್ನೇ ಟ್ರೈನಿಂಗ್ ಕೊಡುತ್ತಾರೇನೋ, ಮುಚ್ಚಳ ಎತ್ತಿಕೊಂಡೆ, ಕೈಯಲ್ಲಿ ಏನಾದರೂ ಇರಲಿ, ಓಣಿಯಂಥ ಪ್ಯಾಸೇಜ್, ಬಾಗಿಲು ತೆರೆದಿದೆ, ಒಳಗೆ ಇನ್ನೂ ಕಗ್ಗತ್ತಲು, ಎಲ್ಲರೂ ಊಟಕ್ಕೆ ಹೋದರೇ, ಇಲ್ಲ, ಯಾರೋ ಕೆಮ್ಮಿದರು, ಕುರ್ಚಿ ಕಿರ್ ಅಂದಿತು, ಆರ್ಸಿದೋರೇ ಹಾಕ್ಲಿ ಅಂತ ಕೂತಿದೀವಿ ಮೇಡಂ, ಭಾರ್ಗವನ ದನಿ, ಬೋರ್ಡ್ ಒರ್ಸಿಲ್ಲ, ನಮ್ಮ ಜಗಳ ಇನ್ನೂ ಮುಗಿದಿಲ್ಲ, ಸೋಮವಾರದಿಂದ ಬರ್ತೀರಾ, ಇದು ಪಂಕಜಾ, ಮತ್ತೆ ಕತ್ತಲಲ್ಲಿ ನಗು, ಒಬ್ಬರದಲ್ಲ, ರವಿಕಿರಣನದೂ ಸೇರಿ ಮೂವರದೂ, ಬರ್ತೀನಿ, ಅಂದೆನೇ, ಅಂದೆ, ಕೈ ತಾನಾಗಿ ಚೌಕಟ್ಟಿನ ಪಕ್ಕಕ್ಕೆ ಹೋಯಿತು, ಸಿಕ್ಕಿತು, ಕಪ್ಪು, ಉಬ್ಬಿಕೊಂಡದ್ದು, ಬೆರಳಿನ ಕೆಳಗೆ ಸ್ವಿಚ್